ನೇತ್ರಾಣಿಯ ಬೋಟುಗಳಲ್ಲಿ ಏನು ಹೇಳಿಕೊಡುತ್ತಿದ್ದಾರೆ? ಜಿಲ್ಲಾಡಳಿತಕ್ಕೆ ಮತ್ತು ಇನ್‌ಸ್ಟ್ರಕ್ಟರ್ ಗೆಳೆಯರಿಗೆ ಬಹಿರಂಗ ಪತ್ರ

ಉತ್ತರ ಕನ್ನಡ ಜಿಲ್ಲಾಡಳಿತದ ಮತ್ತು ಪ್ರವಾಸೋದ್ಯಮ ಇಲಾಖೆಯ ಮಾನ್ಯರಿಗೆ, ಹಾಗೂ ಮುರುಡೇಶ್ವರದಿಂದ ಬೋಟು ಬಿಡುವ ಎಲ್ಲಾ ಡೈವಿಂಗ್ ಸೆಂಟರುಗಳ ಗೆಳೆಯರಿಗೆ,

ನಮಸ್ಕಾರ.

ಮಳೆಗಾಲ ಮುಗಿದು ಕಡಲು ತಿಳಿಯಾಗುತ್ತಿದ್ದಂತೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗಿನ ಬೋಟುಗಳು ಹೊರಡುತ್ತವೆ. ದಡದಿಂದ ಸುಮಾರು 19 ಕಿ.ಮೀ. ದೂರ. ಅಪ್ಪು ಅಲ್ಲಿ ನೀರಿಗಿಳಿದದ್ದನ್ನು ತೆರೆಯ ಮೇಲೆ ನೋಡಿದ ಮೇಲಂತೂ ನೇತ್ರಾಣಿ ಎಲ್ಲರ ಬಾಯಲ್ಲೂ ಬಂತು. ಸಂತೋಷವೇ. ದಾವಣಗೆರೆಯಿಂದ, ಹಾಸನದಿಂದ, ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬರುತ್ತಾರೆ. ಅನೇಕರು ಕಡಲಿಗೆ ಇಳಿಯುವುದೇ ಮೊದಲ ಸಲ.

ಇವರಲ್ಲಿ ಹೆಚ್ಚಿನವರಿಗೆ ಡೈವಿಂಗ್ ಬಗ್ಗೆ ಸಿಗುವ ಪಾಠ ಒಂದೇ. ಬೋಟಿನ ಮೇಲೆ, ಇಂಜಿನ್ ಸದ್ದಿನ ನಡುವೆ, ಸ್ವಲ್ಪ ಹೊತ್ತು ನಡೆಯುವ ವಿವರಣೆ. ಆ ಪಾಠದಲ್ಲಿ ಸುಳ್ಳುಗಳು ಸೇರಿಕೊಂಡಿವೆ. ಯಾರನ್ನೋ ಮೋಸ ಮಾಡೋಕೆ ಹೇಳುವ ಸುಳ್ಳಲ್ಲ. ಹೆದರಿ ಕೂತವರಿಗೆ ಧೈರ್ಯ ತುಂಬಲು ಹೇಳುವ ಸುಳ್ಳು. "ಏನೂ ಆಗಲ್ಲ ಸರ್, ನಾವಿದ್ದೀವಲ್ಲ" ಎನ್ನುವ ಜಾತಿಯದು. ಗೋವಾದಲ್ಲೂ ಅಂಡಮಾನಿನಲ್ಲೂ ಥಾಯ್ಲೆಂಡಿನಲ್ಲೂ ಇವೇ ಮಾತುಗಳು ಕೇಳಿಸುತ್ತವೆ. ಹಾಗಾಗಿ ಯಾವುದೋ ಒಂದು ಸೆಂಟರಿನ ಮೇಲೆ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ನನ್ನ ತಕರಾರು ಇಷ್ಟೇ: ನೀರಿಗೆ ಇಳಿಯುವವನು ತನ್ನ ಜೀವದ ಬಗ್ಗೆ ತಾನೇ ತೀರ್ಮಾನ ಮಾಡಬೇಕು. ಅದಕ್ಕೆ ಬೇಕಾದ ಮಾಹಿತಿಯನ್ನೇ ಈ ಧೈರ್ಯದ ಮಾತುಗಳು ಅವನಿಂದ ಕಿತ್ತುಕೊಳ್ಳುತ್ತವೆ.

2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲು ನಾಲ್ವರು ಶಾಲಾ ಹುಡುಗಿಯರನ್ನು ನುಂಗಿತು. ಆಮೇಲೆ ಬೀಚಿನ ಮೇಲೆ ಎಲ್ಲರ ಕಣ್ಣು ಬಿತ್ತು. ಅದು ಡೈವಿಂಗ್ ಅವಘಡ ಅಲ್ಲ, ಗೊತ್ತು. ಆದರೆ ಡೈವಿಂಗ್ ಬೋಟಿನ ಮೇಲೂ ಆ ಕಣ್ಣು ಈಗಲೇ ಬೀಳಲಿ, ಇನ್ನೊಂದು ಅವಘಡಕ್ಕೆ ಕಾಯುವುದು ಬೇಡ ಎಂದು ಕೇಳಿಕೊಳ್ಳುತ್ತಿದ್ದೇನೆ.

ಮೊದಲು ಆ ಫಾರಂ ವಿಷಯ.

ಡೈವ್ ಮಾಡುವ ಮುಂಚೆ ಆರೋಗ್ಯದ ಪ್ರಶ್ನಾವಳಿಯೊಂದನ್ನು ತುಂಬಬೇಕು. ಪಾಡಿ ಥರದ ತರಬೇತಿ ಸಂಸ್ಥೆಗಳು ಈಗ ಬಳಸುವ ಫಾರಂ 2020ರಲ್ಲಿ ಬಂದದ್ದು. ಮೊದಲ ಪುಟದಲ್ಲಿ ಹತ್ತು ಪ್ರಶ್ನೆ. ಶ್ವಾಸಕೋಶ, ಹೃದಯ, ಫಿಟ್ಸ್, ಕಿವಿ, ಸೈನಸ್ ಎಲ್ಲಾ ಅದರಲ್ಲಿ ಬರುತ್ತವೆ. ವಯಸ್ಸು 45 ದಾಟಿದೆಯಾ ಎಂದೂ ಕೇಳುತ್ತಾರೆ. ದಾಟಿದ್ದರೆ ಎರಡನೇ ಪುಟಕ್ಕೆ ಹೋಗಬೇಕು. ಅಲ್ಲಿ ಸಿಗರೇಟು, ಬಿಪಿ, ಕೊಲೆಸ್ಟ್ರಾಲ್, ಮನೆತನದಲ್ಲಿ ಹೃದ್ರೋಗ ಇತ್ತಾ ಎಂಬ ವಿಚಾರಣೆ. ಅಲ್ಲೂ 'ಹೌದು' ಎಂದರೆ ಡಾಕ್ಟರ ಸಹಿ ಇಲ್ಲದೆ ನೀರಿಗಿಳಿಯುವಂತಿಲ್ಲ.

ಜೆಟ್ಟಿಯಲ್ಲಿ ಇದನ್ನು ತುಂಬುವುದು ಹೇಗೆ? ತೊಡೆಯ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ಹಾಳೆ. ಒಂದು ಪೆನ್ನು ಐದು ಜನರ ಕೈ ದಾಟುತ್ತದೆ. ಫಾರಂ ಇಂಗ್ಲಿಷಿನಲ್ಲಿದೆ. ಮೊದಲು ತುಂಬಿದವನ ಹಾಳೆ ನೋಡಿಕೊಂಡು ಉಳಿದವರು ಅದೇ ಕಡೆ ಟಿಕ್ ಹಾಕುತ್ತಾ ಹೋಗುತ್ತಾರೆ. ಯಾರಾದರೂ ಓದಲು ಹೊರಟರೆ ಪಕ್ಕದಿಂದ ಮಾತು ಬರುತ್ತದೆ: "ಎಲ್ಲದಕ್ಕೂ ನೋ ಅಂತ ಹಾಕಿ ಮೇಡಂ, ಸುಮ್ನೆ ಫಾರ್ಮಾಲಿಟಿ."

ಫಾರ್ಮಾಲಿಟಿ ಅಲ್ಲ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಸಂಸ್ಥೆಯವರು 1992ರಿಂದ 2003ರವರೆಗಿನ 947 ಡೈವಿಂಗ್ ಸಾವುಗಳನ್ನು ಕೆದಕಿ ನೋಡಿದ್ದರು. ಕಾರಣ ಪತ್ತೆಯಾದ ಸಾವುಗಳಲ್ಲಿ ಶೇ. 26ರಷ್ಟು ಹೃದಯದಿಂದ ಆದವು. ಶಾರ್ಕ್ ಅಲ್ಲ, ಸುಳಿ ಅಲ್ಲ, ಹೃದಯ. ಭಾರವಾದ ಸಲಕರಣೆ, ತಣ್ಣನೆ ನೀರು, ಒಳಗಿನ ಭಯ ಎಲ್ಲಾ ಸೇರಿ ಮೊದಲೇ ದಣಿದ ಹೃದಯದ ಮೇಲೆ ಬೀಳುತ್ತವೆ. ಐವತ್ತು ದಾಟಿದ ಅಪ್ಪನನ್ನು ಹುಟ್ಟುಹಬ್ಬಕ್ಕೆ ಅಂತ ಮಕ್ಕಳು ಕರೆದುಕೊಂಡು ಬಂದಿರುತ್ತಾರೆ. ಅಪ್ಪ ಬೆಳಗ್ಗೆಯೇ ಬಿಪಿ ಮಾತ್ರೆ ನುಂಗಿ ಬಂದಿರುತ್ತಾರೆ. ಇಂಗ್ಲಿಷ್ ಫಾರಂ ಅವರನ್ನು ಏನೂ ಕೇಳಲಿಲ್ಲ.

ಇದರ ಹಿಂದೆ ದುಡ್ಡಿನ ಲೆಕ್ಕವೂ ಇದೆ, ಮುಚ್ಚಿಡುವುದು ಬೇಡ. ಬುಕಿಂಗ್ ಮಾಡಿದ ಮೇಲೆ ಹಣ ವಾಪಸ್ ಇಲ್ಲ ಎಂದರೆ ಯಾರು ತಾನೇ ನಿಜ ಬರೆಯುತ್ತಾರೆ? ನೆಗಡಿ ಬಂದವನು ಮೂಗು ಒರೆಸಿಕೊಂಡು 'ನೋ' ಅಂತಲೇ ಹಾಕುತ್ತಾನೆ. ರಾತ್ರಿ ಬಸ್ಸು, ರೂಮು, ಡೈವಿಂಗ್ ಎಲ್ಲಾ ಸೇರಿ ಅವನ ಖರ್ಚು ಆಗಿಹೋಗಿದೆ. ಆರೋಗ್ಯದ ಕಾರಣಕ್ಕೆ ಹಿಂದೆ ಸರಿದವನಿಗೆ ಹಣ ಮರಳಿಸಬೇಕು, ಇಲ್ಲವೇ ಇನ್ನೊಂದು ದಿನ ಕೊಡಬೇಕು. ಪರವಾನಗಿಯಲ್ಲಿ ಈ ಒಂದು ಷರತ್ತು ಸೇರಿಸಿದರೆ ಅರ್ಧ ಸುಳ್ಳು ತಾನಾಗಿ ನಿಲ್ಲುತ್ತದೆ. ಅನೇಕ ಉಪದೇಶಗಳಿಗಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ ಎಂದು ನನ್ನ ನಂಬಿಕೆ.

ಇನ್ನು ಉಸಿರಿನ ವಿಷಯ. ಇದು ನಿಜಕ್ಕೂ ಜೀವ ತೆಗೆಯುವಂಥದ್ದು.

"ಉಸಿರು ಬಿಗಿ ಹಿಡಿಯಬೇಡಿ" ಎಂದು ಎಲ್ಲಾ ಇನ್‌ಸ್ಟ್ರಕ್ಟರುಗಳೂ ಹೇಳುತ್ತಾರೆ. ಆದರೆ ಯಾಕೆ ಎಂದು ಹೇಳುವುದಿಲ್ಲ, ಹೆದರುತ್ತಾರೆ ಅಂತ. ಕರಾವಳಿಯವರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವಲ್ಲ. ಆಳದ ಬಂಡೆಯ ಬುಡದಿಂದ ಗಾಳಕ್ಕೆ ಸಿಕ್ಕಿದ ಮುರು ಮೀನನ್ನು ನೋಡಿದ್ದೀರಲ್ಲ? ಮೇಲೆ ಎಳೆಯುವಷ್ಟರಲ್ಲಿ ಹೊಟ್ಟೆ ಉಬ್ಬಿ ಬಾಯಿಂದ ಹೊರಗೆ ಬಂದಿರುತ್ತದೆ. ಒಳಗಿದ್ದ ಗಾಳಿ ಹಿಗ್ಗಿ ಹಾಗಾಗುವುದು. ನಮ್ಮ ಎದೆಯಲ್ಲೂ ಅದೇ ಗಾಳಿ. 10 ಮೀಟರ್ ಆಳದಲ್ಲಿ ಒತ್ತಡ ದಡದಲ್ಲಿರುವುದಕ್ಕಿಂತ ಎರಡು ಪಟ್ಟು. ಅಲ್ಲಿ ಎದೆ ತುಂಬಾ ಉಸಿರು ತೆಗೆದುಕೊಂಡು, ಬಾಯಿ ಬಿಗಿದು ಮೇಲೆ ಬಂದರೆ ಆ ಗಾಳಿ ಎರಡು ಪಟ್ಟಾಗಲು ನೋಡುತ್ತದೆ. ಎದೆಗೂಡಿನಲ್ಲಿ ಅಷ್ಟು ಜಾಗ ಇಲ್ಲ. ಶ್ವಾಸಕೋಶ ಹರಿದು ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೆ ಹೋಗಬಹುದು. ಮೇಲೆ ಹೇಳಿದ ಲೆಕ್ಕದಲ್ಲಿ ಹೀಗೆ ಸತ್ತವರು ಶೇ. 29. ಇದಕ್ಕೆ ಮಹಾ ಆಳವೂ ಬೇಡ. ತುಂಬಿದ ಎದೆಯಿದ್ದರೆ ಒಂದೂವರೆ ಮೀಟರ್ ಮೇಲೇರಿದರೂ ಸಾಕು.

ಹೀಗಿರುವಾಗ ಫೋಟೋ ಸಮಯ ಬರುತ್ತದೆ. ಗುಳ್ಳೆಗಳು ಮುಖದ ಮುಂದೆ ಬಂದು ಫೋಟೋ ಕೆಡುತ್ತದೆ. "ಒಂದು ನಿಮಿಷ ಹಿಡ್ಕೊಳ್ಳಿ" ಎಂದು ಮೊದಲೇ ಹೇಳಿರುತ್ತಾರೆ, ಇಲ್ಲವೇ ನೀರೊಳಗೆ ಸನ್ನೆ ಮಾಡುತ್ತಾರೆ. ಬಾಯಿಂದ ರೆಗ್ಯುಲೇಟರ್, ಅಂದರೆ ಸಿಲಿಂಡರಿನ ಗಾಳಿ ಉಸಿರಾಡುವ ಸಾಧನ, ತೆಗೆಸಿ ನಗು ತರಿಸುವವರೂ ಇದ್ದಾರೆ. ಬೋಟಿನ ಮೇಲೆ ಕಲಿಸಿದ ಒಂದೇ ಒಂದು ದೊಡ್ಡ ನಿಯಮವನ್ನು ಕಲಿಸಿದವರೇ ಮುರಿಯಲು ಹೇಳಿದ ಹಾಗಾಯಿತು. ಮೇಲೆ ಅಲೆ ಹಾಯುತ್ತಿದ್ದರೆ, ಮೊದಲ ಸಲ ಇಳಿದವನು ತನಗೇ ಗೊತ್ತಿಲ್ಲದೆ ಒಂದು ಮೀಟರ್ ಮೇಲೆ ಕೆಳಗೆ ಆಗುತ್ತಿರುತ್ತಾನೆ.

ಕ್ಯಾಮೆರಾದ ಇನ್ನೊಂದು ತೊಂದರೆ ಕೈಗಳದ್ದು. ಇನ್‌ಸ್ಟ್ರಕ್ಟರಿಗೆ ಇರುವುದು ಎರಡೇ ಕೈ. ಒಂದರಲ್ಲಿ ಗೋಪ್ರೋ ಇದ್ದರೆ, ಹೆದರಿ ಮಾಸ್ಕ್ ಕಿತ್ತುಕೊಳ್ಳಲು ಹೊರಟವನನ್ನು ಹಿಡಿಯುವುದು ಯಾವ ಕೈಯಲ್ಲಿ? ಪಾಡಿಯವರ ಪರಿಚಯ ಡೈವಿಗೆ, ಅಂದರೆ ಕೋರ್ಸ್ ಮಾಡದವರು ಇನ್‌ಸ್ಟ್ರಕ್ಟರ್ ಜೊತೆ ಇಳಿಯುವ ಡೈವಿಗೆ, ಕಡಲಿನಲ್ಲಿ ಒಬ್ಬ ಇನ್‌ಸ್ಟ್ರಕ್ಟರಿಗೆ ಗರಿಷ್ಠ ನಾಲ್ಕು ಜನ, ಗರಿಷ್ಠ ಆಳ 12 ಮೀಟರ್. ಅದು ಮಿತಿ ಮಾತ್ರ, ಗುರಿಯಲ್ಲ. ನೀರು ಮಬ್ಬಾಗಿದ್ದರೆ, ಸೆಳೆತ ಇದ್ದರೆ ಇಬ್ಬರೂ ಜಾಸ್ತಿಯೇ. ಫೋಟೋ ಬೇಕೇ ಬೇಕು ಎಂದರೆ ಅದಕ್ಕೆ ಬೇರೆ ಡೈವರ್ ಇರಲಿ. ಜನ ದುಡ್ಡು ಕೊಡುತ್ತಾರೆ. ಫೋಟೋಕ್ಕೆ ತಾನೇ ಅಷ್ಟು ದೂರದಿಂದ ಬಂದಿರುವುದು!

ಕಿವಿಗೆ ಬರೋಣ. "ಸ್ವಲ್ಪ ನೋವಾಗುತ್ತೆ, ತಡ್ಕೊಳ್ಳಿ, ಇನ್ನೂ ಕೆಳಗೆ ಹೋದರೆ ಸರಿಹೋಗುತ್ತೆ." ಒಂದು ಅರ್ಥದಲ್ಲಿ ನಿಜ. ಕಿವಿಯ ತಮಟೆ ಒಡೆದ ಕೂಡಲೇ ನೋವು ಕಡಿಮೆಯಾಗುತ್ತದೆ. ಆಮೇಲೆ ತಣ್ಣನೆ ನೀರು ಒಳಗೆ ನುಗ್ಗಿ ತಲೆ ಗಿರ್ರ್ ಅನ್ನುತ್ತದೆ, ಯಾವುದು ಮೇಲೆ ಯಾವುದು ಕೆಳಗೆ ಅಂತ ತಿಳಿಯುವುದಿಲ್ಲ. ಒತ್ತಡಕ್ಕೆ ಕಿವಿಯೊಳಗಿನ ಗಾಳಿ ಕುಗ್ಗುವುದು ಮೊದಲ ಕೆಲವು ಮೀಟರುಗಳಲ್ಲೇ ಅತಿ ಹೆಚ್ಚು. ಹಾಗಾಗಿ ಕಿವಿಯ ಕಷ್ಟವೆಲ್ಲ ಮೇಲ್ಗಡೆಯೇ ಇರುವುದು, ಆಳದಲ್ಲಿ ಅಲ್ಲ. ನೋವು ಬರುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಬೇಕು, ಅರ್ಧ ಅರ್ಧ ಮೀಟರಿಗೂ. ಆಗಲಿಲ್ಲವೆಂದರೆ ಸ್ವಲ್ಪ ಮೇಲೆ ಬಂದು ಮತ್ತೆ ನೋಡಬೇಕು. ಆಗಲೂ ಆಗಲಿಲ್ಲವೆಂದರೆ ಅವತ್ತಿಗೆ ಡೈವಿಂಗ್ ಮುಗಿಯಿತು. ಬಲ ಹಾಕಿ ಊದುವುದು ಇನ್ನೂ ಅಪಾಯ, ಒಳಕಿವಿಗೇ ಪೆಟ್ಟು ಬೀಳುತ್ತದೆ.

ನೆಗಡಿಯವರಿಗೆ "ಮೂಗಿಗೆ ಸ್ಪ್ರೇ ಹೊಡ್ಕೊಂಡು ಬನ್ನಿ" ಎನ್ನುವ ಸಲಹೆಯೂ ಉಂಟು. ಕೆಳಗಿದ್ದಾಗಲೇ ಅದರ ಪ್ರಭಾವ ಇಳಿದರೆ ಕಿವಿಯೊಳಗಿನ ಗಾಳಿ ಅಲ್ಲೇ ಸಿಕ್ಕಿಬೀಳುತ್ತದೆ. ಇಳಿಯುವಾಗ ನೋವಾದರೆ ವಾಪಸ್ ಬರಬಹುದು. ಹತ್ತುವಾಗ ನೋವಾದರೆ ಎಲ್ಲಿಗೆ ಹೋಗುತ್ತೀರಿ? ಸಿಲಿಂಡರಿನ ಗಾಳಿ ಮುಗಿಯುವುದರೊಳಗೆ ಮೇಲೆ ಬರಲೇಬೇಕು. ಹಾಗೆಯೇ ಕಿವಿಗೆ ಎಣ್ಣೆ ಹತ್ತಿ ತುರುಕಿಕೊಂಡು ಬರುವವರಿದ್ದಾರೆ, ಮನೆಯಲ್ಲಿ ಹಿರಿಯರು ಹೇಳಿದರು ಅಂತ. ದಯವಿಟ್ಟು ನೋಡಿ ತೆಗೆಸಿ.

"ಈಜು ಬರದಿದ್ರೂ ಪರವಾಗಿಲ್ಲ." ಪರಿಚಯ ಡೈವಿಗೆ ನಿಯಮದ ಪ್ರಕಾರ ಇದು ಸರಿಯೇ. ಆದರೆ ಮಾತು ಅಲ್ಲಿಗೇ ನಿಲ್ಲಿಸುತ್ತಾರೆ. ನೀರೊಳಗೆ ಇನ್‌ಸ್ಟ್ರಕ್ಟರ್ ಹಿಡಿದಿರುತ್ತಾರೆ, ಸರಿ. ಮೇಲೆ ಬಂದ ಮೇಲೆ, ಏಣಿ ಹಿಡಿಯಲು ಸರದಿ ಕಾಯುವಾಗ, ಮುಖಕ್ಕೆ ತೆರೆ ಬಡಿಯುವಾಗ ಈಜು ಬಾರದವನು ಗಾಬರಿಯಾಗುತ್ತಾನೆ. ಬಿಸಿಡಿಗೆ, ಅಂದರೆ ಗಾಳಿ ತುಂಬಿ ತೇಲುವ ಜಾಕೆಟ್ಟಿಗೆ, ಗಾಳಿ ತುಂಬುವ ಗುಂಡಿ ಯಾವುದು, ಮಾಸ್ಕ್ ಮತ್ತು ರೆಗ್ಯುಲೇಟರನ್ನು ಬೋಟು ಹತ್ತುವವರೆಗೂ ಯಾಕೆ ತೆಗೆಯಬಾರದು, ಇದನ್ನು ಅವನ ಕೈಯಲ್ಲೇ ಮಾಡಿಸಿ ತೋರಿಸಲು ಎರಡು ನಿಮಿಷ ಸಾಕು. ಕೊನೆಗೆ ಕೈಗೆ ಕೊಡುವ ಬಣ್ಣದ ಸರ್ಟಿಫಿಕೇಟ್ ಡೈವಿಂಗ್ ಲೈಸೆನ್ಸ್ ಅಲ್ಲ ಅಂತಲೂ ಹೇಳಿಬಿಡಿ. ಡೈವರ್ ಕಾರ್ಡ್ ಸಿಗುವ ಮೊದಲ ಹಂತದ ಓಪನ್ ವಾಟರ್ ಕೋರ್ಸಿಗೆ 200 ಮೀಟರ್ ಈಜಬೇಕು, ಹತ್ತು ನಿಮಿಷ ತೇಲಬೇಕು, ಪಾಠ ಓದಬೇಕು, ಕೊಳದ ಅಭ್ಯಾಸ ಮುಗಿಸಬೇಕು, ಆಮೇಲೆ ಕಡಲಲ್ಲಿ ನಾಲ್ಕು ಡೈವ್. ಒಂದು ಬೆಳಗಿನಲ್ಲಿ ಆಗುವ ಕೆಲಸ ಅಲ್ಲ ಅದು.

ಇನ್‌ಸ್ಟ್ರಕ್ಟರ್ ಗೆಳೆಯರೇ, ಸೀಸದ ವಿಷಯ ನಿಮಗೆ ಮಾತ್ರ. ಸೊಂಟದ ಬೆಲ್ಟಿಗೆ ಎಲ್ಲರಿಗೂ ಒಂದೇ ಲೆಕ್ಕದಲ್ಲಿ ಸೀಸ ಪೋಣಿಸುವುದು, "ಜಾಸ್ತಿ ಇದ್ರೆ ಒಳ್ಳೇದು, ತೇಲಿಹೋಗಲ್ಲ" ಎನ್ನುವುದು, ಆಮೇಲೆ ಹಿಂದಿನಿಂದ ಸಿಲಿಂಡರಿನ ಕತ್ತು ಹಿಡಿದು ದೂಡಿಕೊಂಡು ಹೋಗುವುದು. ಭಾರ ಹೆಚ್ಚಾದವನು ಅಡ್ಡಡ್ಡ ತೇಲುವುದಿಲ್ಲ, ನೆಟ್ಟಗೆ ನಿಲ್ಲುತ್ತಾನೆ. ಕಾಲು ಕೆಳಗೆ, ಕಾಲಿಗೆ ಹಾಕಿದ ಫಿನ್ಸ್ ಹವಳದ ಮೇಲೆ. ಆ ಭಾರ ಸರಿದೂಗಿಸಲು ಬಿಸಿಡಿಗೆ ಗಾಳಿ ಜಾಸ್ತಿ ಹಾಕಬೇಕು. ಸ್ವಲ್ಪ ಮೇಲಾದರೂ ಆ ಗಾಳಿ ಹಿಗ್ಗಿ ಅವನನ್ನು ಇನ್ನಷ್ಟು ಮೇಲಕ್ಕೆ ಎಳೆಯುತ್ತದೆ. ತೇಲಿಹೋಗಬಾರದು ಅಂತ ಹಾಕಿದ ಸೀಸವೇ ತೇಲಿಸಿಬಿಡುತ್ತದೆ. ಸರಿಯಾದ ಪರೀಕ್ಷೆ ನಿಮಗೇ ಗೊತ್ತು: ಬಿಸಿಡಿ ಖಾಲಿ ಮಾಡಿ, ಉಸಿರು ಸಹಜವಾಗಿದ್ದಾಗ ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು. ಡೈವ್ ಮುಗಿಯುವ ಹೊತ್ತಿಗೆ ಸಿಲಿಂಡರ್ ಸುಮಾರು ಎರಡು ಕೆ.ಜಿ. ಹಗುರಾಗುತ್ತದೆ, ಅದಕ್ಕೆ ಸ್ವಲ್ಪ ಸೇರಿಸಿ. ಮರಳಿನ ಮೇಲೆ ಮಂಡಿಯೂರಿಸಿ ಕಲಿಸುವುದನ್ನೂ ಬಿಡೋಣ. ಈಗ ಅನೇಕ ಕಡೆ ಮೊದಲ ದಿನದಿಂದಲೇ ತೇಲಿಸಿ ಕಲಿಸುತ್ತಾರೆ.

ಕಾರ್ಡ್ ಇರುವ ಡೈವರುಗಳಿಗೂ ದಂತಕಥೆಗಳು ಕಡಿಮೆ ಇಲ್ಲ. "ನಿಮ್ಮ ಸಣ್ಣ ಗುಳ್ಳೆಗಿಂತ ವೇಗವಾಗಿ ಮೇಲೆ ಬರಬೇಡಿ" ಅಂತ ಒಂದು. ಯಾವ ಗುಳ್ಳೆ? ಗಾತ್ರಕ್ಕೆ ತಕ್ಕಂತೆ ಒಂದೊಂದು ಗುಳ್ಳೆ ಒಂದೊಂದು ವೇಗದಲ್ಲಿ ಏರುತ್ತದೆ. ಮೇಲೆ ಬರುವ ವೇಗಕ್ಕಿದ್ದ ಹಳೆಯ 'ನಿಮಿಷಕ್ಕೆ 60 ಅಡಿ' ನಿಯಮದ ಕತೆ ಕೇಳಿದರಂತೂ ನಗು ಬರುತ್ತದೆ. ಅಮೆರಿಕದ ನೌಕಾಪಡೆಯಲ್ಲಿ 1950ರ ದಶಕದಲ್ಲಿ ಸ್ಕೂಬಾದವರು ನಿಮಿಷಕ್ಕೆ 100 ಅಡಿ ಬೇಕು ಎಂದರು. ಲೋಹದ ಹೆಲ್ಮೆಟ್ಟಿನವರು ಹಗ್ಗದಲ್ಲಿ ಎಳೆಸಿಕೊಳ್ಳುವವರು, 25 ಅಡಿಗಿಂತ ಆಗಲ್ಲ ಎಂದರು. ಚೌಕಾಶಿಯಲ್ಲಿ 60 ಆಯಿತು. ಸೆಕೆಂಡಿಗೆ ಒಂದಡಿ, ಎಣಿಸಲು ಸುಲಭ. 1993ರಲ್ಲಿ ಅವರೇ ಅದನ್ನು 30 ಅಡಿಗೆ, ಅಂದರೆ 9 ಮೀಟರಿಗೆ ಇಳಿಸಿದರು. ಡೈವ್ ಕಂಪ್ಯೂಟರುಗಳೂ ಸಾಮಾನ್ಯವಾಗಿ ಅದೇ ಆಸುಪಾಸಿನ ವೇಗ ಕೇಳುತ್ತವೆ. ಆದರೂ ಗುಳ್ಳೆಯ ಮಾತು ಬಾಯಿಂದ ಬಾಯಿಗೆ ಹರಿದು ಬರುತ್ತಲೇ ಇದೆ. ನೈಟ್ರಾಕ್ಸ್, ಅಂದರೆ ಆಮ್ಲಜನಕ ಹೆಚ್ಚಿಸಿದ ಗಾಳಿ, ಹಾಕಿಕೊಂಡರೆ ಇನ್ನೂ ಆಳಕ್ಕೆ ಹೋಗಬಹುದು ಎನ್ನುವುದು ಇನ್ನೊಂದು. ಸತ್ಯ ಅದರ ತಲೆಕೆಳಗು. ಶೇ. 32 ಆಮ್ಲಜನಕ ಇರುವ ಮಿಶ್ರಣದಲ್ಲಿ ಸುಮಾರು 33 ಮೀಟರಿಗೇ ಗೆರೆ ಎಳೆಯಬೇಕು.

ಆದರೆ ನಮ್ಮ ಜಿಲ್ಲೆಗೇ ವಿಶೇಷವಾದ ಪ್ರಶ್ನೆ ಒಂದಿದೆ. ಯಾವ ವಿದೇಶಿ ಪುಸ್ತಕವೂ ಅದನ್ನು ನಮಗಾಗಿ ಬರೆದಿಲ್ಲ. ಘಟ್ಟ.

ಡೈವ್ ಮಾಡಿದ ಮೇಲೆ ವಿಮಾನ ಹತ್ತಬಾರದು ಎಂದು ಬಹಳ ಜನರಿಗೆ ಗೊತ್ತು. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆಗಿದ್ದರೆ 18 ಗಂಟೆ ಕಾಯಬೇಕು ಎಂಬುದು ಚಾಲ್ತಿಯಲ್ಲಿರುವ ಸಲಹೆ. ಮೈಯಲ್ಲಿ ಕರಗಿದ ಸಾರಜನಕ ಮೆಲ್ಲಗೆ ಹೊರಹೋಗಬೇಕು, ಅಷ್ಟರೊಳಗೆ ಹೊರಗಿನ ಒತ್ತಡ ಇಳಿದರೆ ಅದು ಗುಳ್ಳೆಯಾಗುತ್ತದೆ. "ಬಸ್ಸಲ್ಲಿ ಹೋಗ್ತೀರಲ್ಲ, ತೊಂದರೆ ಇಲ್ಲ" ಎನ್ನುವ ಮಾತು ಹುಟ್ಟಿದ್ದೇ ಇಲ್ಲಿ. ದೇಹಕ್ಕೆ ಬಸ್ಸು ವಿಮಾನ ಎಂಬ ಭೇದ ಇಲ್ಲ, ಎತ್ತರ ಮಾತ್ರ ಗೊತ್ತು. ಡೈವಿಂಗ್ ಲೆಕ್ಕದಲ್ಲಿ 300 ಮೀಟರ್ ದಾಟಿದರೆ ಅದು ಎತ್ತರದ ಜಾಗ. ಬೆಂಗಳೂರು ಸುಮಾರು 900 ಮೀಟರ್. ಬಸ್ಸಾದರೂ ರೈಲಾದರೂ ಘಟ್ಟ ಹತ್ತದೆ ಬೆಂಗಳೂರು ಸೇರುವ ದಾರಿ ಇಲ್ಲ. ಮರುದಿನ ಬೆಳಗ್ಗೆ ಕೊಡಚಾದ್ರಿ ನೋಡಿಬಿಡೋಣ ಎನ್ನುವವರು ಇನ್ನೂ ಜಾಸ್ತಿ, ಅದು 1343 ಮೀಟರ್.

ಹೆದರಿಸುತ್ತಿಲ್ಲ. ಏಳೆಂಟು ಮೀಟರಿನಲ್ಲಿ ಅರ್ಧ ಗಂಟೆ ಇದ್ದು ಬಂದವನ ಮೈಯಲ್ಲಿ ಸಾರಜನಕ ಅತಿ ಕಡಿಮೆ, ಅವನಿಗೆ ಅಪಾಯವೂ ತೀರಾ ಕಡಿಮೆ. ಆದರೆ 18, 20 ಮೀಟರಿನಲ್ಲಿ ದಿನಕ್ಕೆ ಎರಡು ಮೂರು ಡೈವ್ ಮಾಡಿ, ಸಂಜೆಯೇ ಘಟ್ಟ ಹತ್ತುವ ಡೈವರಿನ ಲೆಕ್ಕ ಬೇರೆ. ಅವರಿಗೆ ರಾತ್ರಿ ಇಲ್ಲೇ ಉಳಿಯಿರಿ ಎಂದು ಹೇಳಬೇಕು. ಮುರುಡೇಶ್ವರದ ಲಾಡ್ಜಿನವರಿಗೂ ಲಾಭವೇ ಅಲ್ವಾ? ಮೊಣಕೈ ನೋವು, ಮರಗಟ್ಟಿದ ಬೆರಳು, ತಲೆಸುತ್ತು ಮರುದಿನ ಬಂದರೆ ಸಾಗರದಲ್ಲೋ ಶಿವಮೊಗ್ಗದಲ್ಲೋ ಡಾಕ್ಟರ ಮುಂದೆ ಕೂತಾಗ "ನಿನ್ನೆ ಸ್ಕೂಬಾ ಮಾಡಿದ್ದೆ" ಎಂದು ಮೊದಲು ಹೇಳಬೇಕು. ಈ ಒಂದು ವಾಕ್ಯವನ್ನು ಬೋಟಿನಲ್ಲಿ ಯಾರೂ ಹೇಳಿಕೊಡುವುದನ್ನು ನಾನು ಕೇಳಿಲ್ಲ.

ಆಕ್ಸಿಜನ್ ಬಗ್ಗೆಯೂ ಹೇಳಬೇಕು. ಬೆನ್ನಿಗೆ ಕಟ್ಟುವ ಸಿಲಿಂಡರಿನಲ್ಲಿರುವುದು ನಾವು ಉಸಿರಾಡುವ ಮಾಮೂಲಿ ಗಾಳಿ, ಒತ್ತಿ ತುಂಬಿದ್ದು. ಶುದ್ಧ ಆಮ್ಲಜನಕವಾಗಿದ್ದರೆ 6 ಮೀಟರ್ ದಾಟಿದ ಮೇಲೆ ಅದೇ ವಿಷವಾಗಿ ಫಿಟ್ಸ್ ಬರಬಹುದು. ಆದರೆ ಡೈವ್ ಮುಗಿಸಿದವನು ಬೋಟಿನಲ್ಲಿ ಕುಸಿದರೆ ಮೊದಲು ಕೊಡಬೇಕಾದದ್ದು ಅದೇ ಶುದ್ಧ ಆಮ್ಲಜನಕ, ಅದರದ್ದೇ ಬೇರೆ ಬಾಟಲಿಯಿಂದ, ಸರಿಯಾದ ಮುಖವಾಡದಿಂದ. ಬೋಟಿನ ತುಂಬಾ ಸಿಲಿಂಡರ್ ಇದ್ದರೂ ಆ ಒಂದು ಬಾಟಲಿ ಇಲ್ಲದಿದ್ದರೆ ಏನೂ ಇಲ್ಲ. ತಪಾಸಣೆಗೆ ಬರುವ ಅಧಿಕಾರಿಗಳು ಲೈಫ್ ಜಾಕೆಟ್ ಎಣಿಸಿ ಹೋಗದೆ ಇದನ್ನು ಕೇಳಲಿ: ಆಕ್ಸಿಜನ್ ಎಲ್ಲಿ, ತುಂಬಿದೆಯಾ, ಬಳಸಲು ಯಾರಿಗೆ ಬರುತ್ತೆ? ಮೈಯಲ್ಲಿ ಗುಳ್ಳೆಯಾದವರಿಗೆ ಚಿಕಿತ್ಸೆ ಕೊಡುವ ಒತ್ತಡದ ಕೋಣೆ ಹತ್ತಿರದಲ್ಲಿ ಎಲ್ಲಿ ಕೆಲಸ ಮಾಡುತ್ತಿದೆ, ಅದರ ಫೋನ್ ನಂಬರ್ ಯಾವುದು ಎಂಬುದು ಜೆಟ್ಟಿಯ ಬೋರ್ಡಿನ ಮೇಲೂ ಪ್ರತಿ ಬೋಟಿನಲ್ಲೂ ಬರೆದಿರಬೇಕು. ಪ್ರತಿ ಸೀಸನ್ನಿನಲ್ಲಿ ಒಮ್ಮೆ ಆ ನಂಬರಿಗೆ ಫೋನ್ ಮಾಡಿ ನೋಡುವುದು ಇಲಾಖೆಯ ಕೆಲಸವಾಗಲಿ.

ಅಂಬಲಿ ಮೀನು (ಜೆಲ್ಲಿಫಿಶ್) ಕುಟುಕಿದರೆ ಮೂತ್ರ ಹಾಕಬೇಕು ಎನ್ನುವ ಮಾತನ್ನೂ ದಯವಿಟ್ಟು ಬಿಡಿ. ಉಪಯೋಗ ಇಲ್ಲ, ಅಸಹ್ಯ ಬೇರೆ.

ಇನ್‌ಸ್ಟ್ರಕ್ಟರುಗಳ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಬೆಳಗ್ಗೆಯಿಂದ ಉಪ್ಪುನೀರಿನಲ್ಲಿ ಒಬ್ಬರಾದ ಮೇಲೆ ಒಬ್ಬರನ್ನು ಹಿಡಿದು ಇಳಿಸಬೇಕು. ಮಧ್ಯಾಹ್ನದ ಗಾಳಿ ಏಳುವ ಮುಂಚೆ ಮುಗಿಸಬೇಕು. ವಾಂತಿ ಮಾಡುವವರು, ಅಳುವವರು, ರೀಲ್ಸ್ ಬೇಕೆನ್ನುವವರು ಎಲ್ಲರನ್ನೂ ಸಂಭಾಳಿಸಬೇಕು. ಒಳ್ಳೆಯ ಇನ್‌ಸ್ಟ್ರಕ್ಟರುಗಳು ನೇತ್ರಾಣಿಯಲ್ಲಿ ಬೇಕಾದಷ್ಟು ಇದ್ದಾರೆ. "ಇವತ್ತು ನಿಮಗೆ ಬೇಡ" ಎಂದು ಗಿರಾಕಿಗೆ ಹೇಳುವ ಧೈರ್ಯ ಅವರಿಗಿದೆ, ಆದರೆ ಹಾಗೆ ಹೇಳಿದರೆ ನಷ್ಟ ಅವರದ್ದಾಗುತ್ತದೆ. ಅದಕ್ಕೇ ಈ ಪತ್ರ ಅಧಿಕಾರಿಗಳಿಗೂ.

ಮಾನ್ಯರೇ, ಅಕ್ಟೋಬರಿಗೆ ಬೋಟುಗಳು ಹೊರಡುವ ಮೊದಲು ಒಂದು ಸಭೆ ಕರೆಯಿರಿ. ಆರೋಗ್ಯದ ಫಾರಂ ಕನ್ನಡದಲ್ಲಿ ಬರಲಿ, ಮತ್ತು ಜೆಟ್ಟಿಯಲ್ಲಿ ಅಲ್ಲ, ಬುಕಿಂಗ್ ಮಾಡುವ ದಿನವೇ ಜನರ ಮೊಬೈಲಿಗೆ ಬರಲಿ. ಡಾಕ್ಟರ ಹತ್ತಿರ ಹೋಗಬೇಕಾದವರಿಗೆ ಆಗ ಊರಲ್ಲೇ ಹೋಗಿ ಬರಲು ಸಮಯ ಇರುತ್ತದೆ. ಹಣ ಮರಳಿಸುವ ಷರತ್ತು ಪರವಾನಗಿಯಲ್ಲಿ ಸೇರಲಿ. ಬೋಟಿನ ವಿವರಣೆ ಕನ್ನಡದಲ್ಲಿ, ಇಂಜಿನ್ ಹಚ್ಚುವ ಮುಂಚೆ ದಡದಲ್ಲೇ ನಡೆಯಲಿ. ಫಾರಂ ಕನ್ನಡಕ್ಕೆ ತರುವ ಕೆಲಸಕ್ಕೆ ನಾನೂ ಕೂರುತ್ತೇನೆ, ಡೈವಿಂಗ್ ಬಲ್ಲ ಡಾಕ್ಟರೊಬ್ಬರು ಪ್ರತಿ ಸಾಲನ್ನೂ ನೋಡಿ ಒಪ್ಪಬೇಕು ಅಷ್ಟೇ. ಇದಕ್ಕೆ ಹಣ ಬೇಡ. ದಿನ ಮತ್ತು ಸಮಯ ತಿಳಿಸಿ, ಭಟ್ಕಳಕ್ಕಾದರೂ ಕಾರವಾರಕ್ಕಾದರೂ ಬರುತ್ತೇನೆ.

ಇಂತಿ,
ಹೊನ್ನಾವರದ ಒಬ್ಬ ಡೈವರ್